ಬೆಳಗಿನ ಕೈ ಬೇರೆ, ಸಂಜೆ ಕೈ ಬೇರೆ

ಎಲ್ಲಾರಿಗೂ ನಮಸ್ಕಾರ. ವಾಚು ಎಷ್ಟು ಬಿಗಿ ಕಟ್ಬೇಕು ಅನ್ನೋದನ್ನೆಲ್ಲ ಟೈಪ್ ಮಾಡಕ್ಕೆ ಕೂತ್ರೆ ಮಧ್ಯಾಹ್ನ ಆಗೋಗುತ್ತೆ, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ಉದ್ದ ಆಗುತ್ತೆ, ಆದ್ರೂ ಅರ್ಧಕ್ಕೆ ನಿಲ್ಲಿಸ್ಬೇಡಿ.

ನಿನ್ನೆ ರಾತ್ರಿ ಗ್ರೂಪಿಗೆ ಎರಡು ಫೋಟೋ ಬಂತಲ್ಲ, ನಾನು ಎರಡನ್ನೂ ದೊಡ್ಡದು ಮಾಡಿ ಮಾಡಿ ನೋಡ್ದೆ. ಒಂದು ನಮ್ಮ ಪುಟ್ಟ ಅವನ ತಾತನ ಎಚ್‌ಎಂಟಿ ಜನತಾ ವಾಚು ಕಟ್ಕೊಂಡಿರೋದು, ಬಳೆ ಥರ ಜಾರಿ ಮುಂಗೈ ಮೇಲೆ ಬಂದು ಕೂತಿದೆ. ಇನ್ನೊಂದು ಅತ್ತೆಗೆ ಭಾವ ತಂದುಕೊಟ್ಟಿರೋ ಸ್ಮಾರ್ಟ್‌ವಾಚು. ಚಿಕ್ಕಪ್ಪ "ಬಿಗಿಯಾಗಿ ಕಟ್ರಪ್ಪ, ಬಿದ್ದೋದ್ರೆ ಹೋಯ್ತು" ಅಂದ್ರು, ಅಕ್ಕ "ಸಡಿಲ ಇರ್ಲಿ, ಚರ್ಮಕ್ಕೆ ಗಾಳಿ ಆಡ್ಲಿ" ಅಂದ್ಲು. ಪುಟ್ಟನ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದ್ಲು ಅತ್ತೆದು.

ಭಾವ, ನೀವು ಪ್ರೀತಿಯಿಂದ ತಂದಿದೀರ, ನಂಗೆ ಗೊತ್ತು. ಆದ್ರೆ ಫೋಟೋದಲ್ಲಿ ಅದು ಎಡಗೈಯಲ್ಲಿದೆ. ಡಯಾಲಿಸಿಸ್‌ಗೆ ಅಂತ ಫಿಸ್ಟುಲಾ ಮಾಡಿರೋದು ಅದೇ ಕೈಗೆ. ಈ ಮೆಸೇಜ್ ಕೇಳ್ತಿದ್ದ ಹಾಗೇ ಬಿಚ್ಚಿಬಿಡಿ. ಬಿಗಿ ಮಾಡ್ಬೇಡಿ, ಸಡಿಲ ಮಾಡ್ಬೇಡಿ, ಆ ಕೈಗೆ ವಾಚೇ ಬೇಡ. ಅಲ್ಲಿ ಶುದ್ಧ ರಕ್ತದ ನಾಳಾನ ಪಕ್ಕದ ಇನ್ನೊಂದು ನಾಳಕ್ಕೆ ನೇರವಾಗಿ ಸೇರಿಸಿರ್ತಾರೆ. ಆ ರಭಸಕ್ಕೆ ನಾಳ ದಪ್ಪ ಆಗಿ ಸೂಜಿ ತಡ್ಕೊಳೋ ಹಾಗೆ ತಯಾರಾಗಕ್ಕೇ ವಾರಗಟ್ಟಲೆ ಬೇಕು. ಬೆರಳಿಟ್ಟು ನೋಡಿದ್ರೆ ಒಳಗೆ ಜುಂ ಅಂತ ಅದುರೋದು ಗೊತ್ತಾಗುತ್ತೆ, ಅತ್ತೆ ದಿನಾ ಮುಟ್ಟಿ ನೋಡ್ಕೋತಾರಲ್ಲ, ಅದೇ. ಮೇಲಿಂದ ಬೆಲ್ಟು ಒತ್ತಿದ್ರೆ ರಕ್ತದ ಓಟ ತಗ್ಗುತ್ತೆ, ಹೆಪ್ಪುಗಟ್ಟೋ ಸಾಧ್ಯತೆ ಇರುತ್ತೆ. ಹೆಪ್ಪುಗಟ್ಟಿದ್ರೆ ಆ ದಾರೀನೇ ಮುಚ್ಚೋಗಬಹುದು, ಮತ್ತೆ ಆಪರೇಷನ್ ತನಕ ಹೋಗಬಹುದು. ಆ ಕೈಯಲ್ಲಿ ಬಿಪಿ ನೋಡ್ಬೇಡಿ, ರಕ್ತ ತೆಗಿಬೇಡಿ, ಬಿಗಿ ಬಳೆ ಹಾಕ್ಬೇಡಿ, ಅದರ ಮೇಲೆ ಮಲಗ್ಬೇಡಿ ಅಂತ ನರ್ಸು ಹೇಳಿದ್ದು ನಾವೆಲ್ಲ ಕೇಳಿದೀವಿ, ವಾಚು ಅಂತ ಬಂದಾಗ ಮಾತ್ರ ಯಾರಿಗೂ ಹೊಳೀಲಿಲ್ಲ. ಬಲಗೈಗೆ ಕಟ್ಟಿ. ನಾಡಿ ಬಡಿತ ಆ ಕೈಯಲ್ಲೂ ಬರುತ್ತೆ. ಹೆಚ್ಚಿನ ವಾಚುಗಳಲ್ಲಿ ಯಾವ ಕೈಗೆ ಕಟ್ಟಿದೀವಿ ಅಂತ ಸೆಟ್ಟಿಂಗಲ್ಲಿ ಬದಲಾಯಿಸಬಹುದು, ಅದೊಂದು ಮಾಡ್ಕೊಡಿ.

ಇದೇ ಮಾತು, ಎದೆ ಗಂಟಿನ ಆಪರೇಷನ್ನಲ್ಲಿ ಕಂಕುಳ ಗ್ರಂಥಿಗಳನ್ನ ತೆಗೆಸಿರೋರಿಗೂ. ಆ ಕಡೆ ಕೈ ಊದ್ಕೊಳೋ ಸ್ವಭಾವ ಇರುತ್ತೆ, ಬಿಗಿ ಆಗೋದು ಏನನ್ನೂ ಅಲ್ಲಿ ಹಾಕ್ಬಾರದು.

ಈಗ ಪುಟ್ಟ, ನಿಂಗೆ. ನೀನು ತಾತನ, ಅಂದ್ರೆ ನಮ್ಮಪ್ಪನ, ವಾಚ್ ರಿಪೇರಿ ಅಂಗಡಿ ನೋಡಿಲ್ಲ. ತಿಪಟೂರಲ್ಲಿ ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಅಷ್ಟೇ. ಸ್ಕೂಲು ಬಿಟ್ಟ ಮೇಲೆ ನಾನು ಆ ಸ್ಟೂಲ್ ಮೇಲೇ ಕೂತು ಹೋಂವರ್ಕ್ ಮಾಡ್ತಿದ್ದೆ. ಕೊಬ್ಬರಿ ಹರಾಜಿನ ದಿನ ಹಳ್ಳಿಯವರು ದುಡ್ಡು ಕೈಗೆ ಬಂದ ಮೇಲೆ ಬೆಲ್ಟು ಹಾಕಿಸ್ಕೊಳಕ್ಕೆ ಬರ್ತಿದ್ರು. ಅಪ್ಪ ಬೆಲ್ಟು ಹಾಕಿ ತಕ್ಷಣ ಕಳಿಸ್ತಿರ್ಲಿಲ್ಲ. "ಮುಷ್ಟಿ ಹಿಡೀರಿ" ಅನ್ನೋರು. ಮುಷ್ಟಿ ಹಿಡಿದಾಗ ಮಣಿಕಟ್ಟು ಸ್ವಲ್ಪ ದಪ್ಪ ಆಗುತ್ತೆ, ಈಗಲೇ ಮಾಡಿ ನೋಡಿ ಬೇಕಾದ್ರೆ. ಆಮೇಲೆ ಬಕಲ್ ಕೆಳಗೆ ತಮ್ಮ ಕಿರುಬೆರಳು ತೂರಿಸೋರು. ನುಸುಳಿ ಹೋಗ್ಬೇಕು, ಆದ್ರೆ ಒಳಗೆ ಆಟ ಆಡ್ಬಾರದು. ಆಮೇಲೆ ಕೈ ಇಳಿಬಿಟ್ಟು ಅಲ್ಲಾಡಿಸಿ ಅನ್ನೋರು, ವಾಚು ಬೆರಳಗಲ ಜಾರಿದ್ರೆ ಸರಿ, ಅದಕ್ಕಿಂತ ಜಾರಿದ್ರೆ ಇನ್ನೊಂದು ತೂತು ಮುಂದಕ್ಕೆ.

ಬೆಳಿಗ್ಗೆ ಬಂದೋರಿಗೆ ಇನ್ನೊಂದು ಮಾತು ಇದ್ದೇ ಇರ್ತಿತ್ತು: "ಊರಿಗೆ ಹೋಗೋ ಮುಂಚೆ ಸಂಜೆ ಒಂದ್ಸಲ ಬಂದು ತೋರಿಸಿ ಹೋಗಿ." ನಂಗೆ ಆಗ ಇದು ಸುಮ್ನೆ ಉಪಚಾರದ ಮಾತು ಅನ್ನಿಸ್ತಿತ್ತು. ಅಲ್ಲ. ಬೆಳಗಿನ ಕೈ ಬೇರೆ, ಸಂಜೆ ಕೈ ಬೇರೆ. ಬಿಸಿಲಿಗೆ ಚರ್ಮದ ಕೆಳಗಿನ ರಕ್ತನಾಳ ಹಿಗ್ಗುತ್ತೆ, ಮೂಟೆ ಎತ್ತಿದ್ರೆ, ತುಂಬಾ ಹೊತ್ತು ಕೈ ಜೋತುಬಿಟ್ಕೊಂಡು ನಡೆದ್ರೆ ಕೈ ಊದುತ್ತೆ. ಮದುವೆಮನೆ ಊಟದ ಉಪ್ಪು ಉಪ್ಪಿನಕಾಯಿ ಆದ ಮೇಲೂ ಅಷ್ಟೇ. ಫ್ಯಾನ್ ಕೆಳಗೆ ಬೆಳಿಗ್ಗೆ ಹತ್ತು ಗಂಟೆಗೆ ಸರಿ ಕಂಡ ಬೆಲ್ಟು ಏಪ್ರಿಲ್ ತಿಂಗಳ ಸಂಜೆ ಐದಕ್ಕೆ ಕಚ್ಚಿ ಹಿಡಿಯುತ್ತೆ. ಅದಕ್ಕೇ ಬಿಗಿಯಾ ಸಡಿಲವಾ ಅನ್ನೋ ಜಗಳಕ್ಕೆ ಉತ್ತರ ಕೈಯಲ್ಲೇ ಇದೆ: ಕೈ ಅತಿ ದಪ್ಪ ಇರೋ ಹೊತ್ತಲ್ಲಿ ಅಳತೆ ತಗೋಬೇಕು.

ನೀನು ಕಟ್ಟಿರೋ ಹಾಗೆ ಅಷ್ಟು ಸಡಿಲ ಬಿಟ್ರೆ ಕೈಗೇನೂ ಆಗಲ್ಲ ಕಣೋ, ವಾಚಿಗೆ ಆಗುತ್ತೆ. ಬಾಗಿಲ ಚೌಕಟ್ಟು, ನಲ್ಲಿ, ಬಸ್ಸಿನ ಕಂಬಿ, ಎಲ್ಲಕ್ಕೂ ಅದೇ ಮೊದ್ಲು ಹೋಗಿ ಬಡಿಯುತ್ತೆ. ಒಳಗೆ ಆ ಕಡೆ ಈ ಕಡೆ ತೂಗೋ ಬ್ಯಾಲೆನ್ಸ್ ಚಕ್ರ ಇದೆಯಲ್ಲ, ಅದರ ಅಚ್ಚಿನ ತುದಿ ಕೂದಲೆಳೆ ಅಷ್ಟು ಸಣ್ಣ. ಡಯಲ್ ಮೇಲೆ ಪ್ಯಾರಾಶಾಕ್ ಅಂತ ಬರೆದಿರೋದು ಅದನ್ನ ಏಟಿಂದ ಕಾಪಾಡೋ ಏರ್ಪಾಡಿಗೆ, ಹಾಗಂತ ದಿನಾ ಗೋಡೆಗೆ ಕುಟ್ಟಬಹುದು ಅಂತಲ್ಲ. ಗಾಜು ಕೂಡ ನಿಜವಾದ ಗಾಜಲ್ಲ, ಪ್ಲಾಸ್ಟಿಕ್, ಬೇಗ ಗೀರು ಬೀಳುತ್ತೆ. 1961ರಲ್ಲಿ ಬೆಂಗಳೂರಲ್ಲಿ ಜಪಾನಿನ ಸಿಟಿಜನ್ ಕಂಪನಿ ಸಹಾಯದಿಂದ ಶುರುವಾದ ಕಾರ್ಖಾನೆಯ ವಂಶ ಅದು. ಆಮೇಲೆ ನಮ್ಮ ತುಮಕೂರಲ್ಲೂ ಕಾರ್ಖಾನೆ ಬಂತು, ಆ ಕಾಲಕ್ಕೆ ಅಪ್ಪನಿಗೆ ಬಿಡಿಭಾಗದ ಚಿಂತೆನೇ ಇರ್ಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಕ್ಕೆ ತೀರ್ಮಾನ ಮಾಡ್ತು. ಈಗ ಆ ಅಚ್ಚು ಮುರಿದ್ರೆ ಹಳೇ ಸಾಮಾನಲ್ಲಿ ಹುಡುಕ್ಬೇಕು.

ಇನ್ನೊಂದು. ವಾಚು ಮುಂಗೈ ಕಡೆ ಜಾರಿದಾಗ ಕೀ ಕೊಡೋ ತಿರುಪು ಮುಂಗೈಗೆ ಒತ್ತುತ್ತೆ, ಕೈ ಊರಿ ಎದ್ದಾಗೆಲ್ಲ ಚುಚ್ಚುತ್ತೆ. ಕಿರುಬೆರಳಿನ ಕಡೆ ಗೋಲಿ ಥರ ಉಬ್ಬಿರೋ ಮೂಳೆ ಇದೆಯಲ್ಲ, ವಾಚು ಅದರಿಂದ ಮೊಣಕೈ ಕಡೆಗೆ ಇರ್ಲಿ. ಕೀ ಕೊಡೋವಾಗ ಕೈಯಿಂದ ಬಿಚ್ಚೇ ಕೊಡು. ಕಟ್ಕೊಂಡೇ ತಿರುಗಿಸಿದ್ರೆ ತಿರುಪನ್ನ ಓರೆಯಾಗಿ ಎಳೆದ ಹಾಗಾಗಿ ಅದರ ಕಡ್ಡಿ ಸವೆಯುತ್ತೆ.

ಚಿಕ್ಕಪ್ಪ, ಬಿಗಿ ಕಟ್ಟಿದ್ರೆ ಏನಾಗುತ್ತೆ ಅಂತ ನಂಗೆ ಆಗಿದ್ದನ್ನೇ ಹೇಳ್ತೀನಿ. ನನ್ನ ಚೊಚ್ಚಲ ಬಸುರಿ, ಏಳು ತಿಂಗಳು. ಕೈಕಾಲು ಊದಿತ್ತು, ವಾಚು ಮಾತ್ರ ಮದುವೆಗೆ ಮುಂಚಿನ ತೂತಲ್ಲೇ ಕಟ್ತಿದ್ದೆ. ಹೆಬ್ಬೆರಳಿನ ಹಿಂಭಾಗ ಜೋಮು ಹಿಡಿಯೋದು, ಸೀರೆ ಸೆರಗು ತಾಗಿದ್ರೂ ಉರಿ. ಬಸುರಿನ ಕಾಟ ಅಂತ ಸುಮ್ನಿದ್ದೆ. ತವರಿಗೆ ಹೋದಾಗ ಅಪ್ಪ ನನ್ನ ಮುಖ ನೋಡೋ ಮುಂಚೆ ಕೈ ನೋಡಿದ್ರು. ಮಾತಾಡದೆ ಬಕಲ್ ಬಿಚ್ಚಿದ್ರು. ಬೆಲ್ಟಿನ ಅಚ್ಚು ಚರ್ಮದ ಮೇಲೆ ಹಳ್ಳ ಬಿದ್ದಿತ್ತು, ಆ ಹಳ್ಳದ ಮೇಲೆ ಹೆಬ್ಬೆರಳು ಆಡಿಸ್ತಾ ಸುಮಾರು ಹೊತ್ತು ಹಾಗೇ ಕೂತಿದ್ರು. ಆಮೇಲೆ ಡಾಕ್ಟರು ವಿವರಿಸಿದ್ರು: ಹೆಬ್ಬೆರಳ ಕಡೆ ಮಣಿಕಟ್ಟಿನ ಅಂಚಲ್ಲಿ ಒಂದು ನರ ಚರ್ಮಕ್ಕೆ ಅಂಟ್ಕೊಂಡೇ ಹೋಗುತ್ತೆ, ಕೆಳಗೆ ಮೂಳೆ, ಮಧ್ಯೆ ಮಾಂಸದ ಮೆತ್ತೆ ಇಲ್ಲ, ಬೆಲ್ಟು ಒತ್ತಿದ್ರೆ ಅದೇ ಸಿಕ್ಕಿಹಾಕ್ಕೊಳುತ್ತೆ. ವಾಚು ಬಿಚ್ಚಿದ ಮೇಲೂ ಜೋಮು ಪೂರ್ತಿ ಹೋಗಕ್ಕೆ ವಾರಗಳೇ ಹಿಡೀತು. ಅಕ್ಕಾ, ನೀನು ಮೊನ್ನೆ ರಾತ್ರಿ ಹೊತ್ತು ಅಂಗೈ ಕಡೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮರಗಟ್ಟುತ್ತೆ ಅಂದ್ಯಲ್ಲ, ಅದು ಬೇರೆ ನರ, ಮಣಿಕಟ್ಟಿನ ಒಳಗಡೆ ಹೋಗೋದು. ವಾಚು ಸಡಿಲ ಮಾಡಿದ್ರೆ ಸಾಲಲ್ಲ, ಡಾಕ್ಟರಿಗೆ ತೋರಿಸ್ಲೇಬೇಕು, ಮುಂದೂಡ್ಬೇಡ.

ಚೈನಿನ ವಾಚು ಇರೋರಿಗೆ ಒಂದೇ ಮಾತು. ಕೊಂಡಿ ತೆಗೆಸೋವಾಗ ಎರಡೂ ಕಡೆಯಿಂದ ಸಮ ತೆಗೆಸಿ, ಒಂದೇ ಕಡೆ ತೆಗೆದ್ರೆ ಕೊಕ್ಕೆ ಪಕ್ಕಕ್ಕೆ ಬಂದು ಡಯಲ್ ವಾಲುತ್ತೆ. ಕೊಕ್ಕೆ ಅಂಚಲ್ಲಿ ಸಣ್ಣ ಸಣ್ಣ ತೂತಿದ್ರೆ ಅವು ಅರ್ಧ ಕೊಂಡಿಯಷ್ಟು ಹೆಚ್ಚುಕಮ್ಮಿ ಮಾಡ್ಕೊಳಕ್ಕೆ, ಬೇಸಿಗೆಗೆ ಒಂದು ತೂತು ಬಿಡಿ.

ಸ್ಮಾರ್ಟ್‌ವಾಚಿನ ಲೆಕ್ಕ ಸ್ವಲ್ಪ ಬೇರೆ. ಹಿಂದುಗಡೆ ಹಸಿರು ದೀಪ ಮಿನುಗುತ್ತಲ್ಲ, ಆ ಬೆಳಕನ್ನ ರಕ್ತ ಹೀರ್ಕೊಳುತ್ತೆ. ಒಂದೊಂದು ಬಡಿತಕ್ಕೂ ರಕ್ತ ಹೆಚ್ಚುಕಮ್ಮಿ ಆಗುತ್ತೆ, ವಾಪಸ್ ಬರೋ ಬೆಳಕೂ ಹೆಚ್ಚುಕಮ್ಮಿ ಆಗುತ್ತೆ, ಅದರಿಂದ ನಾಡಿ ಎಣಿಸುತ್ತೆ. ಸಡಿಲ ಇದ್ರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ತಪ್ಪುತ್ತೆ. ಹಾಗಂತ ಹಿಂಡೋ ಹಾಗೆ ಕಟ್ಟಿದ್ರೆ ಅಲ್ಲಿ ರಕ್ತಾನೇ ಸರಿಯಾಗಿ ಓಡಲ್ಲ, ಆಗ್ಲೂ ತಪ್ಪೇ. ವಾಕಿಂಗ್ ಹೋಗೋವಾಗ ಒಂದು ತೂತು ಬಿಗಿ, ಬಂದ ಮೇಲೆ ಒಂದು ತೂತು ಸಡಿಲ. ರಬ್ಬರ್ ಬೆಲ್ಟಿನ ಕೆಳಗೆ ಬೆವರು ಆರಲ್ಲ, ಪಾತ್ರೆ ತೊಳೆದ ಸೋಪಿನ ನೀರು ಸೇರ್ಕೊಂಡ್ರೆ ಅಲ್ಲೇ ಕೆಂಪಗೆ ತುರಿಕೆ. ಅತ್ತೆಗೆ ಚರ್ಮ ಮೊದ್ಲೇ ಒಣ, ಚಾರ್ಜಿಗೆ ಹಾಕಿದಷ್ಟು ಹೊತ್ತು ಕೈ ತೊಳೆದು ಒರೆಸಿ ಬಿಡ್ಲಿ.

ಪುಟ್ಟ, ಕೊನೇದಾಗಿ ನಿನ್ನ ಫೋಟೋದಲ್ಲಿ ನಂಗೆ ಕಂಡಿದ್ದು. ಆ ಕಂದು ಬೆಲ್ಟು ತಾತ ಕೊನೇ ಸಲ ಹಾಕಿಸಿದ್ದು. ಅದರಲ್ಲಿ ಅಕ್ಕಪಕ್ಕದ ಎರಡು ತೂತು ಉದ್ದುದ್ದ ಸವೆದಿವೆ ನೋಡು, ಮಿಕ್ಕಿದ್ದು ಹೊಸದರ ಹಾಗಿವೆ. ದಿನಾ ಮಧ್ಯಾಹ್ನ ಊಟಕ್ಕೆ ಕೂರೋ ಮುಂಚೆ ತಾತ ಒಂದು ತೂತು ಸಡಿಲ ಮಾಡ್ತಿದ್ರು, ಮಾರನೇ ದಿನ ಬೆಳಿಗ್ಗೆ ಸ್ನಾನ ಆದ ಮೇಲೆ ಮತ್ತೆ ಮೊದಲಿನ ತೂತಿಗೆ. ಆ ಎರಡು ತೂತೂ ನಿನ್ನ ಕೈಗೆ ದೊಡ್ಡದಾಗುತ್ತೆ. ಆದ್ರೆ ದಬ್ಬಣ ಕಾಯಿಸಿ ಅದಕ್ಕೆ ಹೊಸ ತೂತು ಚುಚ್ಬೇಡ ಕಂದ, ಹಳೇ ಚರ್ಮ, ಅಲ್ಲಿಂದಲೇ ಸೀಳುತ್ತೆ. ಅದನ್ನ ಬಿಚ್ಚಿ ಹತ್ತಿಬಟ್ಟೆಯಲ್ಲಿ ಸುತ್ತಿಡು, ನಂಗೆ ಬೇಕು. ವಾಚಿಗೆ 18 ಮಿಲಿಮೀಟರ್ ಅಗಲದ ಚರ್ಮದ ಬೆಲ್ಟು ಸರಿಹೋಗುತ್ತೆ, ತಗೊಂಡು ಭಾನುವಾರ ಸಂಜೆ ಮನೆಗೆ ಬಾ. ಸಂಜೆನೇ ಬಾ, ಬೆಳಿಗ್ಗೆ ಬೇಡ.

ಭಾವ, ಅತ್ತೆ ಬಲಗೈಯದು ಒಂದು ಫೋಟೋ ಈಗ್ಲೇ ಹಾಕಿ. ಕಾಯ್ತಾ ಇರ್ತೀನಿ.