‘ಚೈನ್ ಸ್ಲ್ಯಾಕ್’ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆಯೇ ಬೇಕು

ಗೆಳೆಯರೇ, ಮೈಸೂರಿನಿಂದ ಲೇಹ್‌ಗೆ ಬೈಕಿನಲ್ಲಿ ಹೊರಟವರಿಗಾಗಿ ಗಾಡಿ ತಯಾರಿಯ ಒಂದು ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಟೈರಿನ ಗಾಳಿ, ಆಯಿಲ್, ಬ್ರೇಕ್ ಪ್ಯಾಡ್ ಎಲ್ಲ ಸಲೀಸಾಗಿ ಬಂದವು. ‘ಚೈನ್ ಸ್ಲ್ಯಾಕ್’, ಅಂದರೆ ಬೈಕಿನ ಚೈನ್ ಮೇಲೆ ಕೆಳಗೆ ಎಷ್ಟು ಆಡಬೇಕು ಎಂಬ ಅಳತೆ, ಅದರ ಹತ್ತಿರ ಸಿಕ್ಕಿಕೊಂಡೆ. ‘ಚೈನಿನ ಸಡಿಲ: 20ರಿಂದ 30 ಮಿ.ಮೀ.’ ಎಂದು ಬರೆದು ಒಬ್ಬ ಸವಾರನಿಗೆ ತೋರಿಸಿದೆ. ‘ಸಡಿಲ ಆಗಿದ್ರೆ ಟೈಟ್ ಮಾಡಿಸ್ಬೇಕು ಅಲ್ವಾ?’ ಎಂದ. ಆದರೆ ಇದು ಕೆಟ್ಟಿರುವುದರ ಗುರುತಲ್ಲ, ಇರಲೇಬೇಕಾದ ಅಳತೆ.

*

‘ಚೈನ್’ ಯಾಕೆ? ‘ಸರಪಳಿ’ ಇಲ್ಲವೇ? ‘ಸರಪಳಿ ಸಡಿಲ’ ಎಂದು ಹಾಕಿ. ಎರಡೂ ಅಪ್ಪಟ ಕನ್ನಡ. ಚರ್ಚೆ ಬೇಕಿಲ್ಲ.

*

‘ಸಡಿಲ’ ಅಪ್ಪಟ ಕನ್ನಡ ಅಲ್ಲ, ಸಂಸ್ಕೃತದ ‘ಶಿಥಿಲ’ದ ತದ್ಭವ. ಇಂಥ ಪದಗಳಿಗಾಗಿ ಕೇಶಿರಾಜ 13ನೇ ಶತಮಾನದಲ್ಲೇ ತನ್ನ ಕನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣ ಬರೆದಿದ್ದಾನೆ. ಅಚ್ಚಗನ್ನಡವೇ ಬೇಕಿದ್ದರೆ ‘ಜೋಲು’ ಬಳಸಿ.

*

‘ಜೋಲು’ ಖಂಡಿತ ಬೇಡ. ಜೋಲು ಬಿದ್ದದ್ದು ಎಂದರೆ ಕೆಟ್ಟದ್ದು ಎಂದೇ ಅರ್ಥ.

ಪದದ ಮೂಲ ಬಿಡಿ, ಗಾಡಿ ನೋಡಿ. ಲಗೇಜ್ ಕಟ್ಟಿ ಇಬ್ಬರು ಕೂತರೆ ಸಸ್ಪೆನ್ಷನ್ ಕುಗ್ಗುತ್ತದೆ, ಚೈನ್ ತಾನಾಗಿ ಬಿಗಿಯಾಗುತ್ತದೆ. ಮೊದಲೇ ಬಿಗಿ ಮಾಡಿಟ್ಟಿದ್ದರೆ ಚೈನ್, ಅದು ಸುತ್ತುವ ಹಲ್ಲಿನ ಚಕ್ರ (ಸ್ಪ್ರಾಕೆಟ್), ಬೇರಿಂಗ್ ಎಲ್ಲವೂ ಬೇಗ ಸವೆಯುತ್ತವೆ. ಲೇಹ್ ದಾರಿಯಲ್ಲಿ ಚೈನ್ ತುಂಡಾದರೆ ಹತ್ತಿರ ಅಂಗಡಿಯೂ ಇರುವುದಿಲ್ಲ. ಹಾಗಾಗಿ ಆ ಸವಾರ ತಪ್ಪು ತಿಳಿದದ್ದು ಸಣ್ಣ ವಿಷಯ ಅಲ್ಲ.

ಇಂಗ್ಲಿಷಿನಲ್ಲಿ ನಾಮಪದ ಇದೆ ಎಂದು ನಾವೂ ನಾಮಪದವನ್ನೇ ಯಾಕೆ ಹುಡುಕಬೇಕು? ಕನ್ನಡ ಇಂಥ ಕಡೆ ಕ್ರಿಯಾಪದದಲ್ಲಿ ಮಾತಾಡುತ್ತದೆ. ಹಸು ಕಟ್ಟುವಾಗ ‘ಹಗ್ಗ ಸ್ವಲ್ಪ ಸಡಿಲ ಬಿಡು’ ಎನ್ನುತ್ತೇವೆ. ‘ಸಡಿಲ ಆಗಿದೆ’ ಅಂದರೆ ದೋಷ. ‘ಸಡಿಲ ಬಿಡು’ ಅಂದರೆ ಬೇಕೆಂದೇ ಬಿಟ್ಟದ್ದು. ನಮ್ಮ ಮೆಕ್ಯಾನಿಕ್ ಹೇಳುವುದೂ ಹಾಗೇ: ‘ಲಗೇಜ್ ಇದೆಯಲ್ಲಾ ಸಾರ್, ಸ್ವಲ್ಪ ಲೂಸ್ ಬಿಟ್ಟಿದ್ದೀನಿ.’

*

‘ಲೂಸ್’ ಕೂಡ ಒಪ್ಪಬೇಕಾ? ಹೀಗೆ ಒಂದೊಂದೇ ಬಿಡುತ್ತಾ ಹೋದರೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

‘ಅಲಮಾರು’, ‘ಚಾವಿ’ ಪೋರ್ಚುಗೀಸಿನಿಂದ ಬಂದವು. ಅವನ್ನು ಯಾವಾಗ ಬಿಡುತ್ತೀರಿ? ಮೈಸೂರಿನಲ್ಲೇ 1961ರಿಂದ 1996ರ ತನಕ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಅವನ್ನು ಕಟ್ಟಿದವರ, ರಿಪೇರಿ ಮಾಡಿದವರ ಬಾಯಲ್ಲಿ ‘ಚೈನ್’ ಎಂದೋ ಕನ್ನಡವಾಗಿದೆ. ಅವರಿಗೆ ‘ಸರಪಳಿ’ ಕಲಿಸಲು ನಾವು ಯಾರು?

*

ಎಲ್ಲರಿಗೂ ವಂದನೆ. ಹೀಗೆ ಹಾಕಿದ್ದೇನೆ: ‘ಸ್ಟ್ಯಾಂಡ್ ಹಾಕಿ, ಚೈನಿನ ಕೆಳಭಾಗವನ್ನು ನಡುವಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ 20ರಿಂದ 30 ಮಿ.ಮೀ., ಸಡಿಲ ಬಿಡಿ. ಅದಕ್ಕಿಂತ ಬಿಗಿ ಮಾಡಬೇಡಿ.’ ಕ್ಲಚ್ ಲಿವರಿನ ‘ಫ್ರೀ ಪ್ಲೇ’ಗೂ (ಕ್ಲಚ್ ಹಿಡಿಯುವ ಮೊದಲು ಲಿವರ್ ಸುಮ್ಮನೆ ಆಡುವಷ್ಟು ಜಾಗ) ‘ಸಡಿಲ ಬಿಡಿ’ ನಡೆಯುತ್ತಾ? ಮಧ್ಯಾಹ್ನದೊಳಗೆ ತಿಳಿಸಿ.