ಪದಚರ್ಚೆ: ಹಳೆಯ ಹೊಲದ ಪಾನಾ ಮೇಲಿನ ಹೆಸರಿಗೆ ‘ತಯಾರಕರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಳೆಯ ಹೊಲದ ಪಾನಾಗಳ (ನಟ್ಟು ತಿರುಗಿಸುವ ಸ್ಪ್ಯಾನರ್‌ಗಳ) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ನೂರು, ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿ ನೇಗಿಲನ್ನೋ ಹುಲ್ಲು ಕೊಯ್ಯುವ ಯಂತ್ರವನ್ನೋ ಕೊಂಡರೆ, ಅದರ ನಟ್ಟುಗಳಿಗೆ ಕೂರುವ ಒಂದು ಪಾನಾವನ್ನು ಕಂಪನಿಯವರೇ ಜೊತೆಗೆ ಕೊಡುತ್ತಿದ್ದರು. ಯಂತ್ರಗಳು ಗುಜರಿಗೆ ಹೋದವು, ಪಾನಾಗಳು ಉಳಿದವು. ಈಗ ಹಳ್ಳಿ ಕಡೆಯ ಹರಾಜುಗಳಲ್ಲಿ ಸಿಗುತ್ತವೆ. ಯಾವುದು ಯಾರದು ಅಂತ ಪತ್ತೆ ಹಚ್ಚುವವರು ಇಲ್ಲಿ ಬಹಳ ಜನ ಇದ್ದಾರೆ. ಆ ಪತ್ತೆ ಕೆಲಸವನ್ನು ಕನ್ನಡದಲ್ಲಿ ಹೇಳಲು ಹೊರಟರೆ ಕೆಲವು ಪದಗಳು ಕೈಕೊಡುತ್ತಿವೆ.

ಮೊದಲು ‘ಪಾನಾ’ ಬಗ್ಗೆ. ನಮ್ಮ ಧಾರವಾಡದ ಕಡೆ ಗ್ಯಾರೇಜಿನಲ್ಲಿ ಇದೇ ಮಾತು. ಮೈಸೂರಿನ ಗೆಳೆಯರು ಸ್ಪ್ಯಾನರ್ ಅನ್ನುತ್ತಾರೆ. ನಾನು ಪಾನಾ ಅಂತಲೇ ಇಟ್ಟುಕೊಂಡಿದ್ದೇನೆ, ಆದರೆ ಕೊನೆಯ ದೀರ್ಘ ಬಿಡುವಂತಿಲ್ಲ. ‘ಹಳೆಯ ಪಾನಗಳು’ ಅಂತ ಬರೆದರೆ ಓದುವವರು ಕುಡಿಯುವ ಪಾನ ಅಂದುಕೊಳ್ಳುತ್ತಾರೆ. ‘ಪಾನಾಗಳು’ ಅಂದರೆ ಆ ಗೊಂದಲ ಇಲ್ಲ.

ನಿಜವಾದ ತೊಡಕು ‘ತಯಾರಕರು’ ಎಂಬ ಪದದ್ದು. ಪಾನಾ ಮೇಲೆ ಒಂದು ಹೆಸರಿದ್ದರೆ ಅದು ಸಾಮಾನ್ಯವಾಗಿ ಯಂತ್ರದ ಕಂಪನಿಯ ಹೆಸರು. ಪಾನಾವನ್ನು ಎರಕ ಹೊಯ್ದವರು ಅವರೇ ಆಗಿರಬೇಕಿಲ್ಲ. ದೊಡ್ಡ ಕಂಪನಿಗಳಿಗೆ ಸ್ವಂತ ಫೌಂಡ್ರಿ, ಅಂದರೆ ಎರಕದ ಕಾರ್ಖಾನೆ, ಇತ್ತು, ಅನೇಕರು ಹೊರಗಿನ ಫೌಂಡ್ರಿಯಲ್ಲಿ ಹೊಯ್ಯಿಸಿ ತರುತ್ತಿದ್ದರು. ಅದರ ಮೇಲೆ ಕಂಪನಿಗಳೇ ಒಂದರಲ್ಲಿ ಒಂದು ಸೇರಿಹೋದವು. 1902ರಲ್ಲಿ ಮೆಕಾರ್ಮಿಕ್, ಡೀರಿಂಗ್ ಮತ್ತು ಇನ್ನೂ ಮೂರು ಹೊಲದ ಯಂತ್ರಗಳ ಕಂಪನಿಗಳು ಕೂಡಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಒಂದೇ ಕಂಪನಿ ಆಯಿತು. ಆದರೂ ಯಂತ್ರಗಳ ಮೇಲೆ ಮೆಕಾರ್ಮಿಕ್, ಡೀರಿಂಗ್ ಹೆಸರುಗಳು ಮುಂದುವರಿದವು. ಹೀಗಿರುವಾಗ ಡೀರಿಂಗ್ ಅಂತ ಇರುವ ಪಾನಾಗೆ ‘ತಯಾರಕರು: ಡೀರಿಂಗ್’ ಎಂದು ಬರೆದರೆ ಎರಡು ಕಡೆ ತಪ್ಪಾಗಬಹುದು.

ನನ್ನ ಸಲಹೆ ಹೀಗಿದೆ. ಎರಕ ಹೊಯ್ದವರಿಗೆ ‘ಎರಕದವರು’. ಯಂತ್ರದ ಜೊತೆ ಕೊಟ್ಟವರಿಗೆ ‘ಕೊಟ್ಟ ಕಂಪನಿ’. ಮೇಲೆ ಕಾಣುವುದಕ್ಕೆ ಸುಮ್ನೆ ‘ಹೆಸರು’. ತಯಾರಕರು ಎಂಬುದನ್ನು ಪೂರ್ತಿ ಬಿಟ್ಟುಬಿಡುವುದೇ ಒಳ್ಳೆಯದು ಅನ್ನಿಸುತ್ತದೆ. ನಿಮಗೆ ‘ಕೊಟ್ಟ ಕಂಪನಿ’ ಒಡ್ಡೊಡ್ಡಾಗಿ ಕೇಳಿಸಿದರೆ ಬೇರೆ ಪದ ಕೊಡಿ.

ಇನ್ನು ಅಕ್ಷರಗಳ ಮಾತು. ಈಗ ಮೇಜಿನ ಮೇಲೆ ಒಂದು ಪಾನಾ ಇದೆ. ಸ್ವಲ್ಪ ಬಾಗಿದ ಹಿಡಿ, ಎರಡೂ ತುದಿಗೆ ಚೌಕ ನಟ್ಟಿನ ಬಾಯಿ, ಒಂದು ದೊಡ್ಡದು, ಒಂದು ಸಣ್ಣದು. ಹೆಸರಿಲ್ಲ. ಹಿಡಿಯ ಮೇಲೆ ಒಂದು ಅಕ್ಷರ ಮತ್ತು ಕೆಲವು ಅಂಕಿ, ಅಷ್ಟೇ. ಅವು ಲೋಹದಿಂದ ಮೇಲಕ್ಕೆ ಎದ್ದಿವೆ, ಬೆರಳಾಡಿಸಿದರೆ ಅಂಚು ದುಂಡಗೆ ತಗಲುತ್ತದೆ. ಅಂದರೆ ಅಚ್ಚಿನಲ್ಲೇ ಇದ್ದವು, ಮರಳಿನಲ್ಲಿ ಮೂಡಿ ಎರಕದ ಜೊತೆಗೇ ಬಂದವು. ಪಕ್ಕದಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೀರೂ ಕಾಣುತ್ತದೆ. ಇಂಥವಕ್ಕೆ ‘ಉಬ್ಬಕ್ಷರ’ ಚೆನ್ನಾಗಿದೆ. ಆದರೆ ಕೆಲವು ಪಾನಾಗಳ ಮೇಲೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಅಕ್ಷರಗಳು ಇರುತ್ತವೆ. ಒತ್ತಿದ್ದರಿಂದ ‘ಒತ್ತಕ್ಷರ’ ಅನ್ನೋಣ ಅಂದರೆ ಆ ಪದ ಆಗಲೇ ವ್ಯಾಕರಣದ ಪಾಲಾಗಿದೆ. ‘ಕೆತ್ತಿದ’ ಸರಿಯಲ್ಲ, ಉಳಿ ಮುಟ್ಟಿಲ್ಲ. ‘ಹೊಡೆದ ಅಕ್ಷರ’ ಸಾಕೇ? ಇದು ಬರೀ ಚಂದದ ಪ್ರಶ್ನೆ ಅಲ್ಲ. ಉಬ್ಬಕ್ಷರ ಅಚ್ಚು ಮಾಡಿಸಿದವರದು. ಹೊಡೆದ ಅಕ್ಷರವನ್ನು ಆಮೇಲೆ ಯಾರು ಬೇಕಾದರೂ ಹೊಡೆದಿರಬಹುದು, ಪಾನಾ ಕಳೆಯಬಾರದು ಅಂತ ರೈತನೇ ತನ್ನ ಹೆಸರಿನ ಮೊದಲಕ್ಷರ ಹಾಕಿರಬಹುದು. ಪತ್ತೆ ಮಾಡುವಾಗ ಎರಡಕ್ಕೂ ಒಂದೇ ತೂಕ ಇಲ್ಲ.

ಆ ಅಂಕಿಗಳಿಗೂ ಪದ ಬೇಕು. ಅದು ಅಳತೆಯಲ್ಲ, ಮಾಡೆಲ್ಲೂ ಅಲ್ಲ. ಕಂಪನಿಯ ಬಿಡಿಭಾಗಗಳ ಪಟ್ಟಿಯಲ್ಲಿ ಪಾನಾಗೂ ಒಂದು ನಂಬರು ಇರುತ್ತಿತ್ತು, ಕಳೆದರೆ ಆ ನಂಬರು ಬರೆದು ತರಿಸಿಕೊಳ್ಳಲಿ ಅಂತ. ಹೆಸರಿಲ್ಲದ ಪಾನಾಗಳನ್ನು ಗುರುತಿಸುವುದು ಹಳೆಯ ಪಟ್ಟಿಗಳ ಜೊತೆ ಈ ನಂಬರನ್ನು ತಾಳೆ ನೋಡಿಯೇ. ಒಂದೇ ನಂಬರು ಎರಡು ಕಂಪನಿಗಳಲ್ಲಿ ಇರಬಹುದು, ಆಗ ಬಾಯಿಯ ಆಕಾರ, ಉದ್ದ ನೋಡಬೇಕು. ‘ಬಿಡಿಭಾಗ ಸಂಖ್ಯೆ’ ಅಂತ ಬರೆದಿದ್ದೇನೆ. ‘ಪಾರ್ಟ್ ನಂಬರ್’ ಅಂತಲೇ ಬಿಡುವುದು ಜಾಸ್ತಿ ಸಲೀಸು ಅಲ್ವಾ?

ಪಾನಾ ಮೇಲೆ ಪೇಟೆಂಟ್ ತಾರೀಖು ಇದ್ದರೆ ಅದನ್ನು ‘ತಯಾರಾದ ವರ್ಷ’ ಅಂತ ಬರೆಯುವವರಿದ್ದಾರೆ. ಅದು ಬೇಡ. ಆ ಕಾಲದಲ್ಲಿ ಪೇಟೆಂಟ್ 17 ವರ್ಷ ನಡೆಯುತ್ತಿತ್ತು, ಎರಕ ಅದಕ್ಕಿಂತಲೂ ಮುಂದೆ ನಡೆದಿರಬಹುದು. ‘ಪೇಟೆಂಟ್ ತಾರೀಖು’ ಎಂದಷ್ಟೇ ಹೇಳೋಣ. ಅಮೆರಿಕದ ಪೇಟೆಂಟುಗಳು ಮಂಗಳವಾರ ಹೊರಬರುತ್ತವೆ, ಹಾಗಾಗಿ ಸವೆದ ತಾರೀಖನ್ನು ಓದುವಾಗ ವಾರ ಲೆಕ್ಕ ಹಾಕಿ ನೋಡಬಹುದು.

ನನಗೆ ತುಂಬಾ ಬೇಕಾಗಿರುವುದು ಲೋಹದ ಹೆಸರು. ಈ ಪಾನಾಗಳಲ್ಲಿ ಬಹುಪಾಲು ಮ್ಯಾಲಿಯೇಬಲ್ ಕಬ್ಬಿಣದವು. ಇಲ್ಲಿ ಅದರ ದಾರಿ ಹಾಕಿದವರು ನ್ಯೂವಾರ್ಕಿನ ಸೆತ್ ಬಾಯ್ಡನ್, 1826ರಲ್ಲಿ. ಮೊದಲು ಗಡುಸಾಗಿ ಎರಕ ಹೊಯ್ಯುತ್ತಾರೆ. ಆಗ ಅದು ಪೆಟ್ಟು ಬಿದ್ದರೆ ಒಡೆಯುತ್ತದೆ. ಆಮೇಲೆ ಒಲೆಯಲ್ಲಿ ದಿನಗಟ್ಟಲೆ ಕಾಯಿಸಿ, ನಿಧಾನ ಆರಿಸಿ, ಸ್ವಲ್ಪ ಬಾಗಿದರೂ ಮುರಿಯದ ಹಾಗೆ ಹದಕ್ಕೆ ತರುತ್ತಾರೆ. ‘ಬೀಡು’ ಅಂದರೆ ಪೆಟ್ಟಿಗೆ ಒಡೆಯುವ ಕಬ್ಬಿಣ ಅಂತಲೇ ನಮ್ಮ ಜನ ತಿಳಿಯುವುದು. ‘ಮೆದು ಕಬ್ಬಿಣ’ ಪಠ್ಯಪುಸ್ತಕದಲ್ಲಿ ಬೇರೆಯದಕ್ಕೆ ಇದೆ. ‘ಹದಗೊಳಿಸಿದ ಬೀಡು’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರು, ಅವರ ಮನೆಯವರು ಯಾರಾದರೂ ಇಲ್ಲಿದ್ದರೆ, ಅಲ್ಲಿ ಕೆಲಸದವರು ಇದಕ್ಕೆ ಏನು ಅನ್ನುತ್ತಾರೆ ಅಂತ ದಯವಿಟ್ಟು ಬರೆಯಿರಿ. ಬಾಯಲ್ಲಿ ಇರುವ ಹಾಗೇ ಬರೆಯಿರಿ, ತಿದ್ದಬೇಡಿ.