ಈ ಬೇಸಿಗೆ ಊರಿಗಲ್ಲ, ಕಾರಲ್ಲಿ ಲಿಸ್ಬನ್‌ಗೆ: ಚಿಕ್ಕ ಮಕ್ಕಳ ಜೊತೆ ಆಗುತ್ತಾ?

ಸ್ಟುಟ್‌ಗಾರ್ಟ್‌ನಿಂದ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ಆಗಸ್ಟ್ ರಜೆಗೆ ಈ ಸಲ ಇಂಡಿಯಾಗೆ ಹೋಗುತ್ತಿಲ್ಲ. ನಾಲ್ಕು ಜನರ ಟಿಕೆಟ್ ರೇಟ್ ನೋಡಿ ಕೈಬಿಟ್ಟೆವು. ಬದಲಿಗೆ ನಮ್ಮ ಕಾರಲ್ಲೇ ಲಿಯೋನ್, ಬಾರ್ಸಿಲೋನಾ, ವೆಲೆನ್ಸಿಯಾ, ಗ್ರನಾಡಾ, ಸೆವಿಲ್ಲೆ, ಅಲ್ಲಿಂದ ಪೋರ್ಚುಗಲ್‌ನ ದಕ್ಷಿಣ ತೀರದ ಅಲ್ಗಾರ್ವ್, ಲಿಸ್ಬನ್. ವಾಪಸ್ ಸಾಲಮಂಕಾ, ಸಾನ್ ಸೆಬಾಸ್ಟಿಯನ್, ಬೋರ್ಡೋ ಮೇಲೆ. ಒಟ್ಟು ಮೂರು ವಾರ. ಮಗನಿಗೆ ಒಂಬತ್ತು, ಮಗಳಿಗೆ ನಾಲ್ಕು. ಮಗಳದು ಜರ್ಮನ್ ಪಾಸ್‌ಪೋರ್ಟ್, ಉಳಿದ ಮೂವರದು ಇಂಡಿಯನ್. ಗಡಿಯಲ್ಲಿ ತೊಂದರೆ ಆಗುತ್ತಾ? ಟೋಲ್ ಹೇಗೆ ಕಟ್ಟೋದು? ನಾವು ಮೊಟ್ಟೆನೂ ತಿನ್ನಲ್ಲ, ಊಟಕ್ಕೆ ಏನು ಮಾಡೋದು? ತುಮಕೂರಲ್ಲಿ ಅತ್ತೆ ಮಾವ ಬೇರೆ ಬೇಜಾರು ಮಾಡಿಕೊಂಡಿದ್ದಾರೆ. ಯೋಚನೆ ಮಾಡಿ ಮಾಡಿ ನಿದ್ದೆ ಬರುತ್ತಿಲ್ಲ.

ಮ್ಯೂನಿಕ್‌ನಿಂದ:
ಗಡಿ ಬಗ್ಗೆ ಭಯ ಬೇಡ ತಂಗಿ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದವರು ಬೇರೆ ಶೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯೂರೋಪ್ ದೇಶಗಳು) 180 ದಿನದಲ್ಲಿ 90 ದಿನ ಇರಬಹುದು. ಆದರೆ ಕಾರ್ಡ್ ಮತ್ತು ಪಾಸ್‌ಪೋರ್ಟ್ ಎರಡೂ ಕೈಯಲ್ಲಿರಲಿ. ಫೋನಲ್ಲಿರೋ ಫೋಟೋ ನಡೆಯಲ್ಲ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಹಾಗಾಗಿ ವಾಪಸ್ ಬರುವಾಗ ನಿಲ್ಲಿಸಿ ಕೇಳಬಹುದು. ಮಗನ ಕಾರ್ಡ್ ಯಾವಾಗ ಮುಗಿಯುತ್ತೆ ಅಂತ ಇವತ್ತೇ ನೋಡಿ. ಮಕ್ಕಳ ಕಾರ್ಡಿನ ತಾರೀಖು ಯಾರಿಗೂ ನೆನಪಿರಲ್ಲ.

ಐಂಡ್‌ಹೋವನ್‌ನಿಂದ:
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಗ್ರನಾಡಾದ ಅಲ್‌ಹಂಬ್ರಾ ಕೋಟೆ ಇನ್ನು ಇಪ್ಪತ್ತು ವರ್ಷ ಬಿಟ್ಟು ಹೋದರೂ ಅಲ್ಲೇ ಇರುತ್ತದೆ. ನಿಮ್ಮ ಅತ್ತೆ ಮಾವ ಇರುತ್ತಾರಾ? ಮಕ್ಕಳಿಗೆ ರಜೆ ಅಂದರೆ ಅಜ್ಜಿ ಮನೆ. ನಾಲ್ಕು ವರ್ಷದ ಮಗುವಿಗೆ ಸೆವಿಲ್ಲೆ ಏನು ನೆನಪಿರುತ್ತೆ? ಅಜ್ಜಿ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ್ದು ಸಾಯೋವರೆಗೂ ನೆನಪಿರುತ್ತೆ. ಸಾಲ ಆದರೂ ಪರವಾಗಿಲ್ಲ, ಊರಿಗೇ ಹೋಗಿ. ಮಕ್ಕಳು ಕನ್ನಡ ಕಲಿಯೋದು ಬೇಸಿಗೆ ರಜೆಯ ಆ ಆರು ವಾರದಲ್ಲೇ.

ರೆಡಿಂಗ್‌ನಿಂದ:
ನೂರಕ್ಕೆ ನೂರು ಸತ್ಯ ಸರ್. ನನ್ನ ಮಗಳು ಇಲ್ಲೇ ಹುಟ್ಟಿದವಳು. ಸಂಕ್ರಾಂತಿಗೆ ಎಳ್ಳು ಬೀರುವಾಗ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಅಂತ ಎಷ್ಟು ಸ್ಪಷ್ಟವಾಗಿ ಹೇಳುತ್ತಾಳೆ ಗೊತ್ತಾ? ಎಲ್ಲಾ ಅಜ್ಜಿ ಕಲಿಸಿದ್ದು. ಅಂದಹಾಗೆ ಸಣ್ಣ ಕರೆಂಟ್ ಕುಕ್ಕರ್ ತಗೊಂಡು ಹೋಗಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಯೂರೋಪ್ ಪೂರ್ತಿ ಸುತ್ತಬಹುದು.

ಜ್ಯೂರಿಕ್‌ನಿಂದ:
ನಾನು ಬೇರೆ ಥರ ಹೇಳುತ್ತೇನೆ. ನಾವು ಪ್ರತಿ ರಜೆಗೂ ಮೈಸೂರಿಗೇ ಹೋದೆವು. ತಪ್ಪು ಅಂತಲ್ಲ. ಆದರೆ ಅಲ್ಲಿ ಹೋದ ಮೇಲೆ ಮದುವೆ, ಬ್ಯಾಂಕ್, ಸೈಟ್ ವಿಷಯ, ಡಾಕ್ಟರ್. ನಾವು ನಾಲ್ಕೇ ಜನ ಒಟ್ಟಿಗೆ ಕೂತು ಮಾತಾಡಿದ್ದು ವಿಮಾನದಲ್ಲಿ ಮಾತ್ರ. ಈಗ ಮಗನಿಗೆ ಹತ್ತೊಂಬತ್ತು. ಎಲ್ಲಾದರೂ ಹೋಗೋಣ ಬಾರೋ ಅಂದರೆ ಫ್ರೆಂಡ್ಸ್ ಜೊತೆ ಹೋಗುತ್ತೀನಿ ಅನ್ನುತ್ತಾನೆ. ಮಕ್ಕಳು ಹಿಂದಿನ ಸೀಟಲ್ಲಿ ಕೂತು ಜಗಳ ಆಡೋ ವಯಸ್ಸು ಬೇಗ ಮುಗಿದುಹೋಗುತ್ತೆ. ಹೋಗಿ ಬನ್ನಿ.

ಲಿಯೋನ್‌ನಿಂದ:
ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಬೇಕಲ್ಲ, ಸ್ವಲ್ಪ ಉದ್ದ ಆಗುತ್ತೆ.

ಮ್ಯೂಲೂಸ್‌ನಿಂದ ಇಲ್ಲಿವರೆಗೆ, ಇಲ್ಲಿಂದ ಪರ್ಪಿನ್ಯಾನ್‌ವರೆಗೆ ಹೆಚ್ಚು ಕಡಿಮೆ ಎಲ್ಲಾ ಟೋಲ್ ರಸ್ತೆ. ಒಳಗೆ ಹೋಗುವಾಗ ಚೀಟಿ ತಗೊಳ್ಳಬೇಕು, ಹೊರಗೆ ಬರುವಾಗ ಕಾರ್ಡ್ ಹಾಕಬೇಕು. ಕಿತ್ತಳೆ ಬಣ್ಣದ ‘ಟಿ’ ಅಕ್ಷರ ಮಾತ್ರ ಇರೋ ಸಾಲಿಗೆ ನುಗ್ಗಬೇಡಿ, ಅದು ಗಾಜಿಗೆ ಡಬ್ಬಿ ಅಂಟಿಸಿದವರಿಗೆ. ನಮ್ಮ ಫಾಸ್ಟ್ಯಾಗ್ ಥರಾನೇ. ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ಮೂರಕ್ಕೂ ನಡೆಯುವ ಡಬ್ಬಿ ಸಿಗುತ್ತೆ, ಮನೆಗೇ ಪೋಸ್ಟಲ್ಲಿ ಬರುತ್ತೆ. ಮಕ್ಕಳಿರುವಾಗ ಅದು ಇರಲಿ.

ಸ್ಪೇನ್‌ನಲ್ಲಿ ಖರ್ಚು ಕಡಿಮೆ. ಲಾ ಹೊಂಕೇರಾ ಗಡಿಯಿಂದ ತಾರಾಗೋನಾವರೆಗಿನ ಎಪಿ-7 ರಸ್ತೆಗೆ 2021ರ ಸೆಪ್ಟೆಂಬರ್‌ನಿಂದ ಟೋಲ್ ಇಲ್ಲ. ಅಲ್ಲಿಂದ ಮುಂದೆ ಅಲಿಕಾಂತೆವರೆಗೆ 2020ರಲ್ಲೇ ತೆಗೆದರು. ಅಲ್ಗಾರ್ವ್‌ನ ಎ22 ರಸ್ತೆಗೆ 2025ರ ಜನವರಿಯಿಂದ ಟೋಲ್ ಇಲ್ಲ. ಹಳೇ ವಿಡಿಯೋಗಳಲ್ಲಿ ಅಲ್ಲಿನ ಕ್ಯಾಮೆರಾ ಟೋಲ್ ಬಗ್ಗೆ ಹೆದರಿಸುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅಲ್ಗಾರ್ವ್‌ನಿಂದ ಲಿಸ್ಬನ್‌ಗೆ ಹೋಗುವ ಎ2ರಲ್ಲಿ ಕಟ್ಟಲೇಬೇಕು.

ಜುಲೈ, ಆಗಸ್ಟ್ ಶನಿವಾರ ಫ್ರಾನ್ಸಲ್ಲಿ ಕಾರು ತೆಗೆಯಲೇಬೇಡಿ. ಇಡೀ ದೇಶ ಸಮುದ್ರದ ಕಡೆ ಹೊರಡುತ್ತೆ. ಬಿಜ಼ೋನ್ ಫ್ಯೂತೆ ಅಂತ ಸರ್ಕಾರದ ಸೈಟ್ ಇದೆ. ಯಾವ ದಿನ ಹಸಿರು (ರಸ್ತೆ ಆರಾಮ), ಯಾವ ದಿನ ಕಪ್ಪು (ವಿಪರೀತ ಟ್ರಾಫಿಕ್) ಅಂತ ಮೊದಲೇ ಹೇಳುತ್ತೆ. ಮಂಗಳವಾರ ಬೆಳಿಗ್ಗೆ ಹೊರಡಿ. ಮೊದಲ ರಾತ್ರಿ ಲಿಯೋನ್ ಹತ್ತಿರ, ಎರಡನೇದು ಬಾರ್ಸಿಲೋನಾ. ದಿನಕ್ಕೆ ಆರುನೂರೈವತ್ತು ಕಿಲೋಮೀಟರ್‌ಗಿಂತ ಜಾಸ್ತಿ ಬೇಡ.

ಐಂಡ್‌ಹೋವನ್‌ನಿಂದ:
ಟೋಲ್ ಎಲ್ಲಾ ಸರಿ. ಆ ದುಡ್ಡು, ಪೆಟ್ರೋಲು, ಹೋಟೆಲು ಸೇರಿಸಿ ನೋಡಿ, ಬೆಂಗಳೂರು ಟಿಕೆಟ್ ಬಂದುಬಿಡುತ್ತೆ. ನಾನು ಹೇಳ್ತಿರೋದು ಮಕ್ಕಳ ಬೇರಿನ ಬಗ್ಗೆ.

ಡಬ್ಲಿನ್‌ನಿಂದ:
ಬೇರು ಅಂದರೆ ಬರೀ ಊರಾ ಸರ್? ಕಾರಲ್ಲಿ ಮೂರು ವಾರ ಅಪ್ಪ ಅಮ್ಮ ಕನ್ನಡದಲ್ಲೇ ಮಾತಾಡಿದರೆ ಅದೂ ಕನ್ನಡವೇ. ಊರಿಗೆ ಹೋದರೆ ಕಸಿನ್ಸ್ ಎಲ್ಲಾ ಇಂಗ್ಲಿಷಲ್ಲೇ ಮಾತಾಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಐಂಡ್‌ಹೋವನ್‌ನಿಂದ:
ಅದು ನಿಮ್ಮ ಕಸಿನ್ಸ್ ವಿಷಯ. ನಮ್ಮ ಹಾಸನದ ಕಡೆ ಹಾಗಿಲ್ಲ.

ಲಿಸ್ಬನ್‌ನಿಂದ:
ನಾನು ಮಂಗಳೂರಿನವಳು. ಇಲ್ಲಿಗೆ ಬಂದರೆ ಬೆಲೆಂ ಬಡಾವಣೆಯ ಜೆರೋನಿಮೋಸ್ ಮಠಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕು. ಬಾಗಿಲು ದಾಟಿದ ಕೂಡಲೇ ವಾಸ್ಕೋ ಡ ಗಾಮನ ಸಮಾಧಿ. ಕಲ್ಲಿನ ಪೆಟ್ಟಿಗೆ ಮೇಲೆ ಕೈ ಜೋಡಿಸಿ ಮಲಗಿದ ಹಾಗೆ ಕೆತ್ತಿದ್ದಾರೆ. ಅವನು 1498ರಲ್ಲಿ ಕ್ಯಾಲಿಕಟ್ ಹತ್ತಿರ ಇಳಿದ. ಅದೇ ಪೋರ್ಚುಗೀಸರ ಎದುರು ನಿಂತವಳು ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕ. ಕೃಷ್ಣದೇವರಾಯನ ಕಾಲದ ಹಂಪಿಯ ಬಜಾರು, ಮಹಾನವಮಿ ಹಬ್ಬ ಕಣ್ಣಿಗೆ ಕಟ್ಟಿದ ಹಾಗೆ ಬರೆದಿಟ್ಟ ಡೊಮಿಂಗೊ ಪಾಯಸ್ ಕೂಡ ಪೋರ್ಚುಗೀಸನೇ. ಒಂಬತ್ತು ವರ್ಷದ ಹುಡುಗನಿಗೆ ಇದನ್ನೆಲ್ಲ ಆ ಸಮಾಧಿ ಮುಂದೆ ನಿಂತು ಹೇಳಿ. ಊರಿನ ಕಥೆ ಊರಲ್ಲೇ ಹೇಳಬೇಕು ಅಂತೇನಿಲ್ಲ.

ಸ್ಟುಟ್‌ಗಾರ್ಟ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್. ಲಿಸ್ಬನ್ ಅಕ್ಕ, ಓದಿ ಖುಷಿಯಾಯಿತು. ಊಟದ ಬಗ್ಗೆ ಮಾತ್ರ ಇನ್ನೂ ಗೊತ್ತಾಗಲಿಲ್ಲ.

ರೆಡಿಂಗ್‌ನಿಂದ:
ಕುಕ್ಕರ್ ಮರೀಬೇಡಿ.

ವೆಲೆನ್ಸಿಯಾದಿಂದ:
ಇಲ್ಲಿ ‘ಕಾರ್ನೆ (ಮಾಂಸ) ಬೇಡ’ ಅಂದರೆ ಸಾಲಲ್ಲ. ಹ್ಯಾಮ್ (ಹಂದಿ ಮಾಂಸ) ಮತ್ತು ಟ್ಯೂನಾ ಮೀನು ಲೆಕ್ಕಕ್ಕೇ ಇಲ್ಲ ಅನ್ನೋ ಥರ ಹಾಕಿಬಿಡುತ್ತಾರೆ. ಸಾದಾ ಸಲಾಡ್ ಅಂತ ಕೇಳಿದರೂ ಮೇಲೆ ಟ್ಯೂನಾ, ಮೊಟ್ಟೆ ಇರುತ್ತೆ. ‘ಸಿನ್ ಹಮೋನ್, ಸಿನ್ ಅತೂನ್, ಸಿನ್ ಹುಯೆವೋ’ ಅಂತ ಒಂದೊಂದೂ ಹೆಸರು ಹಿಡಿದು ಹೇಳಿ. ಸಿನ್ ಅಂದರೆ ಇಲ್ಲದೆ, ಹಮೋನ್ ಹ್ಯಾಮ್, ಅತೂನ್ ಟ್ಯೂನಾ. ಹುಯೆವೋ ಅಂದರೆ ಮೊಟ್ಟೆ, ‘ಉಯೆವೋ’ ಅಂತ ಅನ್ನಬೇಕು. ಪೋರ್ಚುಗಲ್‌ನ ಹಸಿರು ಸೊಪ್ಪಿನ ಸೂಪ್ ಕಾಲ್ಡೋ ವೆರ್ದೆಯಲ್ಲಿ ಸಾಸೇಜ್ ತುಂಡು ತೇಲುತ್ತಿರುತ್ತೆ, ಜೋಪಾನ. ಸೆವಿಲ್ಲೆಯಲ್ಲಿ ಪಾಲಕ್ ಮತ್ತು ಕಾಬೂಲ್ ಕಡಲೆ ಬೇಯಿಸಿ ಜೀರಿಗೆ ಹಾಕಿ ಮಾಡುತ್ತಾರೆ. ಬ್ರೆಡ್ ಜೊತೆ ನಮ್ಮ ಪಲ್ಯದ ಹಾಗೇ ತಿನ್ನಬಹುದು. ರಾತ್ರಿ ಅಡುಗೆ ಮನೆ ತೆರೆಯೋದೇ ಎಂಟೂವರೆ ಮೇಲೆ. ಮಗಳಿಗೆ ಅಷ್ಟು ಹೊತ್ತು ಆಗಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬುಕ್ ಮಾಡಿ.

ಇನ್ನೊಂದು ಮಾತು. ಆಗಸ್ಟ್‌ನಲ್ಲಿ ಸೆವಿಲ್ಲೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ನಾಲ್ಕು ವರ್ಷದ ಮಗು ಇದ್ದರೆ ನಾನಂತೂ ದಕ್ಷಿಣ ಬಿಡುತ್ತಿದ್ದೆ. ಸಾನ್ ಸೆಬಾಸ್ಟಿಯನ್, ಸಾಂತಾಂದೆರ್, ಸಾಂತಿಯಾಗೋ, ಪೋರ್ತೋ ಮೇಲೆ ಲಿಸ್ಬನ್‌ಗೆ ಹೋಗಿ. ಸಮುದ್ರದ ಗಾಳಿ, ತಂಪು.

ಐಂಡ್‌ಹೋವನ್‌ನಿಂದ:
ಆಗಸ್ಟ್‌ನಲ್ಲಿ ತುಮಕೂರೂ ತಂಪು.

ಮ್ಯೂನಿಕ್‌ನಿಂದ:
ಅತ್ತೆ ಮಾವನಿಗೇ ವೀಸಾ ಮಾಡಿಸಿ ಕರೆಸಿಕೊಳ್ಳಿ. ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಮೊಮ್ಮಕ್ಕಳ ಜೊತೆ ಅವರೂ ಲಿಸ್ಬನ್ ನೋಡಲಿ.

ಡಬ್ಲಿನ್‌ನಿಂದ:
ಆರು ಜನಕ್ಕೆ ಏಳು ಸೀಟಿನ ಗಾಡಿ ಬೇಕಾಗುತ್ತೆ. ಮೂರನೇ ಸಾಲು ಹಾಕಿದರೆ ಲಗೇಜ್ ಎಲ್ಲಿಡೋದು?

ರೆಡಿಂಗ್‌ನಿಂದ:
ನಮ್ಮ ಅತ್ತೆ ಬಂದಾಗ ಪ್ಯಾರಿಸಲ್ಲೂ ಬಿಸಿಬೇಳೆಬಾತ್ ಮಾಡಿ ಹಾಕಿದರು. ಎಲ್ಲಾ ಅದೇ ಕುಕ್ಕರಲ್ಲಿ.

ಲಿಯೋನ್‌ನಿಂದ:
ಸ್ಟುಟ್‌ಗಾರ್ಟ್ ಮೇಡಂ, ಮಧ್ಯದಲ್ಲಿ ಎರಡು ವಿಷಯ ಕಳೆದುಹೋಗಬಾರದು. ದಕ್ಷಿಣಕ್ಕೇ ಹೋಗುವುದಾದರೆ ಅಲ್‌ಹಂಬ್ರಾ ಟಿಕೆಟ್ ಮೊದಲು ನೋಡಿ, ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿ. ಅದರೊಳಗಿನ ನಸ್ರಿದ್ ಅರಮನೆಗೆ ಗಂಟೆ ನಿಗದಿ ಮಾಡಿ ಕೊಡುತ್ತಾರೆ, ಟಿಕೆಟಲ್ಲಿ ಹೆಸರು ಇರುತ್ತೆ, ಪಾಸ್‌ಪೋರ್ಟ್ ತೋರಿಸಬೇಕು. ಬೆಳಿಗ್ಗೆಯದೇ ತಗೊಳ್ಳಿ. ಆಮೇಲೆ, ಬಾರ್ಸಿಲೋನಾ ಹೊಗೆ ನಿಯಂತ್ರಣದ ವಲಯ. ಹೊರದೇಶದ ನಂಬರಿನ ಕಾರನ್ನು ಮೊದಲೇ ಆನ್‌ಲೈನಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ದಂಡ. ಹೊಗೆ ಕಡಿಮೆ ಅಂತ ಕೊಡುವ ಜರ್ಮನಿಯ ಹಸಿರು ಸ್ಟಿಕ್ಕರ್ ಇದೆ ಅಂತ ಸುಮ್ನೆ ಇರಬೇಡಿ. ಕಾರಿನ ಆರ್‌ಸಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಅಲ್ಲಿ ಅದನ್ನೇ ಕೇಳುತ್ತಾರೆ.